ಬುಕ್ ವ್ಯಾಲ್ಯೂಗಿಂತ ಅಗ್ಗದ ಸಣ್ಣ ಬ್ಯಾಂಕ್ ಷೇರು: ಹಳೇ ಖಾಸಗಿ ಬ್ಯಾಂಕೋ, ಸ್ಮಾಲ್ ಫೈನಾನ್ಸ್ ಬ್ಯಾಂಕೋ, ಸಹಕಾರಿಯೋ, ಅಮೆರಿಕದ್ದೋ?

"ಒಂದು ರೂಪಾಯಿಯ ಆಸ್ತಿ ಅರವತ್ತು ಪೈಸೆಗೆ ಸಿಗ್ತಾ ಇದೆ, ಬಿಡ್ತೀರಾ?" ಸಣ್ಣ ಬ್ಯಾಂಕ್ ಷೇರುಗಳ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೀಗೆ ಕೇಳುತ್ತಾರೆ. ಅವರ ಮಾತು ಸುಳ್ಳೇನಲ್ಲ. ಮಂಗಳೂರಿನ ಕರ್ನಾಟಕ ಬ್ಯಾಂಕ್, ತೂತ್ತುಕುಡಿಯ ತಮಿಳ್ನಾಡ್ ಮರ್ಕೆಂಟೈಲ್ ಬ್ಯಾಂಕ್, ತ್ರಿಶೂರಿನ ಸೌತ್ ಇಂಡಿಯನ್ ಬ್ಯಾಂಕ್ ಇವೆಲ್ಲ ಒಂದೊಂದು ಊರು, ಒಂದೊಂದು ಸಮುದಾಯದ ದುಡ್ಡಿನಿಂದ ಬೆಳೆದವು. ಇವುಗಳ ಷೇರು ಬುಕ್ ವ್ಯಾಲ್ಯೂಗಿಂತ, ಅಂದರೆ ಬ್ಯಾಂಕಿನ ಆಸ್ತಿಯಲ್ಲಿ ಕೊಡಬೇಕಾದ್ದನ್ನೆಲ್ಲ ಕಳೆದು ಒಂದು ಷೇರಿನ ಪಾಲಿಗೆ ಉಳಿಯುವ ಮೊತ್ತಕ್ಕಿಂತ, ಕೆಳಗೇ ದೀರ್ಘಕಾಲ ಓಡಾಡಿದೆ. ಆದರೆ ಉಳಿದ ನಲವತ್ತು ಪೈಸೆಯನ್ನು ನಿಮ್ಮ ಕೈಗೆ ತಂದು ಕೊಡುವವರು ಯಾರು ಎಂದು ಕೇಳಿದರೆ ಉತ್ತರ ಸುಲಭವಾಗಿ ಸಿಗುವುದಿಲ್ಲ. ಯಾವ ಬಗೆಯ ಬ್ಯಾಂಕನ್ನು ಆರಿಸಬೇಕು ಎಂಬುದು ಆ ಉತ್ತರದ ಮೇಲೆ ನಿಂತಿದೆ.

ಇಲ್ಲಿ ಬಾಗಿಲಿಗೆ ಖರೀದಿದಾರ ಬರುವುದಿಲ್ಲ

ಸಣ್ಣ ಬ್ಯಾಂಕ್ ಷೇರು ಕೊಳ್ಳುವ ವಿದ್ಯೆ ಅಮೆರಿಕದಿಂದ ಬಂದದ್ದು. ಅಲ್ಲಿ 1980ರ ದಶಕದ ನಡುವಿನಲ್ಲಿ 14,000ಕ್ಕೂ ಹೆಚ್ಚು ವಾಣಿಜ್ಯ ಬ್ಯಾಂಕುಗಳಿದ್ದವು. ಈಗ ಉಳಿತಾಯ ಬ್ಯಾಂಕುಗಳನ್ನೂ ಸೇರಿಸಿದರೂ 4,500ಕ್ಕಿಂತ ಕಡಿಮೆ. ಮಾಯವಾದವುಗಳಲ್ಲಿ ಬಹುಪಾಲು ಮುಳುಗಿದ್ದಲ್ಲ, ಪಕ್ಕದ ದೊಡ್ಡ ಬ್ಯಾಂಕಿಗೆ ಮಾರಾಟವಾದವು. ಹಾಗಾಗಿ ಅಲ್ಲಿ ಅಗ್ಗದ ಬ್ಯಾಂಕು ಕೊಂಡು ಕೂತವರಿಗೆ ಒಂದಲ್ಲ ಒಂದು ದಿನ ಹೆಚ್ಚಿನ ದರಕ್ಕೆ ಕೊಳ್ಳುವವರು ಬರಬಹುದು ಎಂಬ ನಿರೀಕ್ಷೆಗೆ ಆಧಾರವಿದೆ.

ನಮ್ಮಲ್ಲಿ ಆ ಬಾಗಿಲಿಗೆ ಎರಡು ಬೀಗ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 12ಬಿ ಕಲಮಿನ ಪ್ರಕಾರ ಯಾರೇ ಆಗಲಿ ಶೇ 5 ಅಥವಾ ಅದಕ್ಕಿಂತ ಹೆಚ್ಚು ಪಾಲು ಕೊಳ್ಳಬೇಕಾದರೆ ಮೊದಲು ಆರ್‌ಬಿಐ ಒಪ್ಪಿಗೆ ಬೇಕು. ಎಷ್ಟೇ ಪಾಲಿದ್ದರೂ ಮತದ ಹಕ್ಕು ಶೇ 26ಕ್ಕೆ ನಿಲ್ಲುತ್ತದೆ. ಹೀಗಾಗಿ ಇಲ್ಲಿ ವಿಲೀನ ಆಗುವುದು ಸಾಮಾನ್ಯವಾಗಿ ಬ್ಯಾಂಕು ಹಾಸಿಗೆ ಹಿಡಿದ ಮೇಲೆ. ಆಗ ಷೇರುದಾರನ ಪಾಲಿಗೆ ಏನು ಬರುತ್ತದೆ ಎಂಬುದು ಆ ಹೊತ್ತಿನ ಲೆಕ್ಕ. 2006ರಲ್ಲಿ ಸಾತಾರಾದ ಯುನೈಟೆಡ್ ವೆಸ್ಟರ್ನ್ ಬ್ಯಾಂಕು ಐಡಿಬಿಐಗೆ ಹೋದಾಗ ಷೇರಿಗೆ 28 ರೂಪಾಯಿ ಸಿಕ್ಕಿತು. 2010ರಲ್ಲಿ ಬ್ಯಾಂಕ್ ಆಫ್ ರಾಜಸ್ಥಾನದ 118 ಷೇರಿಗೆ ಐಸಿಐಸಿಐನ 25 ಷೇರು ಸಿಕ್ಕವು. ಆದರೆ 2004ರ ಗ್ಲೋಬಲ್ ಟ್ರಸ್ಟ್ ಬ್ಯಾಂಕ್, 2020ರ ಲಕ್ಷ್ಮಿ ವಿಲಾಸ್ ಬ್ಯಾಂಕ್ ಎರಡರಲ್ಲೂ ಷೇರುದಾರರಿಗೆ ಸಿಕ್ಕಿದ್ದು ಸೊನ್ನೆ.

ಹೊರತುಗಳಿವೆ. ಕೆನಡಾದ ಫೇರ್‌ಫ್ಯಾಕ್ಸ್‌ಗೆ ತ್ರಿಶೂರಿನ ಸಿಎಸ್‌ಬಿ ಬ್ಯಾಂಕಿನಲ್ಲಿ ಶೇ 51 ಪಾಲಿಗೆ ಅನುಮತಿ ಸಿಕ್ಕಿತು. 2025ರ ಅಕ್ಟೋಬರಿನಲ್ಲಿ ಎಮಿರೇಟ್ಸ್ ಎನ್‌ಬಿಡಿ, ಕೊಲ್ಹಾಪುರದಲ್ಲಿ ಹುಟ್ಟಿದ ಆರ್‌ಬಿಎಲ್ ಬ್ಯಾಂಕಿನ ಶೇ 60ರಷ್ಟು ಪಾಲನ್ನು ಷೇರಿಗೆ 280 ರೂಪಾಯಿಯಂತೆ ಕೊಳ್ಳುವುದಾಗಿ ಘೋಷಿಸಿತು. ಬೀಗ ಸ್ವಲ್ಪ ಸಡಿಲವಾಗಿದೆ ಎನ್ನಬಹುದು. ಆದರೂ ಯಾರೋ ಬಂದು ಕೊಳ್ಳುತ್ತಾರೆ ಎಂಬ ಆಸೆಯೊಂದರಿಂದಲೇ ಷೇರು ಹಿಡಿಯುವುದು ಲಾಟರಿ ಟಿಕೆಟ್ ಇಟ್ಟುಕೊಂಡ ಹಾಗೆ.

ಅಂದರೆ ಭಾರತದ ಸಣ್ಣ ಬ್ಯಾಂಕಿನಲ್ಲಿ ಅರವತ್ತು ಪೈಸೆ ರೂಪಾಯಿ ಆಗುವುದಕ್ಕೆ ಇರುವ ನಂಬಬಹುದಾದ ದಾರಿ ಒಂದೇ: ಬ್ಯಾಂಕು ತನ್ನ ಬಂಡವಾಳದ ಮೇಲೆ ಗಳಿಸುವ ಲಾಭ, ಅಂದರೆ ಆರ್‌ಒಇ, ಏರಬೇಕು. ಹೋಲಿಕೆಯೂ ಅದರ ಮೇಲೇ ನಡೆಯಬೇಕು. ಪಿ/ಬಿ ಅನುಪಾತದ (ಷೇರಿನ ದರ ಭಾಗಿಸು ಬುಕ್ ವ್ಯಾಲ್ಯೂ) ಪಟ್ಟಿ ಹಾಕಿ ಕೆಳಗಿನಿಂದ ಮೂರು ಬ್ಯಾಂಕು ಆರಿಸಿದರೆ ಬಹುತೇಕ ಸಲ ತಪ್ಪೇ ಆಗುತ್ತದೆ.

ಮೊದಲು ಬುಕ್ ವ್ಯಾಲ್ಯೂ ತೊಳೆದು ನೋಡಿ

ಸ್ಕ್ರೀನರ್ ಆ್ಯಪ್‌ಗಳು ತೋರಿಸುವ ಬುಕ್ ವ್ಯಾಲ್ಯೂ ಹಸಿ ಅಂಕಿ. ವಾರ್ಷಿಕ ವರದಿ ತೆರೆದು ಅದರಿಂದ ಐದು ಬಾಬ್ತು ಕಳೆಯಬೇಕು. ಒಂದು ಕಾಲ್ಪನಿಕ ಬ್ಯಾಂಕ್ ತೆಗೆದುಕೊಳ್ಳೋಣ. ನೆಟ್‌ವರ್ತ್ (ಬ್ಯಾಂಕಿನ ಸ್ವಂತ ಬಂಡವಾಳ) 1,200 ಕೋಟಿ, ಷೇರುಗಳು 10 ಕೋಟಿ, ಬುಕ್ ವ್ಯಾಲ್ಯೂ 120 ರೂ., ಪೇಟೆ ದರ 72 ರೂ. ಮೇಲ್ನೋಟಕ್ಕೆ ಪಿ/ಬಿ 0.6.

ನಿವ್ವಳ ಎನ್‌ಪಿಎ, ಅಂದರೆ ನಷ್ಟಕ್ಕೆಂದು ತೆಗೆದಿಟ್ಟ ಮೊತ್ತ (ಪ್ರಾವಿಷನ್) ಕಳೆದು ಉಳಿದ ಕೆಟ್ಟ ಸಾಲ, 150 ಕೋಟಿ ಇದೆ. ಅಡಮಾನ ಇರುವ ಸಾಲಗಳಾದರೆ ಅರ್ಧ, ಅಂದರೆ 75 ಕೋಟಿ ಕಳೆಯಿರಿ. ಅಡಮಾನವಿಲ್ಲದ ಸಾಲವಾದರೆ ಪೂರ್ತಿ ಕಳೆಯಬೇಕು.

ಕೆಟ್ಟ ಸಾಲವನ್ನು ಅಂಥ ಸಾಲ ಕೊಳ್ಳುವ ಕಂಪನಿಗೆ (ಎಆರ್‌ಸಿ) ಮಾರಿ ನಗದಿನ ಬದಲು ಪಡೆದ ಸೆಕ್ಯುರಿಟಿ ರಸೀದಿಗಳು, ಪ್ರಾವಿಷನ್ ಕಳೆದು 40 ಕೋಟಿ. ಇದನ್ನು ಪೂರ್ತಿ ಕಳೆಯಿರಿ. ಎನ್‌ಪಿಎ ಪಟ್ಟಿಯಿಂದ ಸಾಲ ಮಾಯವಾಗಿದೆ ನಿಜ, ದುಡ್ಡು ಇನ್ನೂ ಬಂದಿಲ್ಲ.

ಡಿಫರ್ಡ್ ಟ್ಯಾಕ್ಸ್ ಅಸೆಟ್, ಅಂದರೆ ಮುಂದಿನ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದಾದ ಮೊತ್ತ, 60 ಕೋಟಿ. ಮುಂದೆ ಲಾಭ ಬಂದರೆ ಮಾತ್ರ ಇದಕ್ಕೆ ಬೆಲೆ. ಇದೂ ಪೂರ್ತಿ ಕಳೆಯಲಿ.

ಮರುಹೊಂದಾಣಿಕೆಯಾಗಿ ಇನ್ನೂ 'ಸ್ಟಾಂಡರ್ಡ್' (ಕೆಡದ ಸಾಲ) ಎಂದೇ ಕರೆಸಿಕೊಳ್ಳುವ ಸಾಲ 120 ಕೋಟಿ. ಅದರ ಶೇ 20, ಅಂದರೆ 24 ಕೋಟಿ.

ಕೊನೆಯದು ರೀವ್ಯಾಲ್ಯುಯೇಷನ್ ರಿಸರ್ವ್ 101 ಕೋಟಿ. ಹಳೇ ಬ್ಯಾಂಕುಗಳಲ್ಲಿ ಬಹುತೇಕರ ಕಣ್ಣು ತಪ್ಪುವುದು ಇಲ್ಲೇ. ರಥಬೀದಿಯಲ್ಲೋ ಪೇಟೆಬೀದಿಯಲ್ಲೋ ಅರವತ್ತು ವರ್ಷದ ಹಿಂದೆ ಕೊಂಡ ಕಟ್ಟಡಕ್ಕೆ ಇಂದಿನ ಬೆಲೆ ಕಟ್ಟಿದಾಗ ನೆಟ್‌ವರ್ತ್ ಉಬ್ಬುತ್ತದೆ. ಆ ಕಟ್ಟಡದಲ್ಲಿ ಶಾಖೆ ನಡೆಯುತ್ತಲೇ ಇರುತ್ತದೆ, ಮಾರುವ ಹಾಗಿಲ್ಲ, ಅದರಿಂದ ಬಡ್ಡಿಯೂ ಹುಟ್ಟುವುದಿಲ್ಲ. ಬಂಡವಾಳ ಲೆಕ್ಕ ಹಾಕುವಾಗ ಆರ್‌ಬಿಐ ಕೂಡ ಈ ಮೊತ್ತಕ್ಕೆ ಶೇ 55 ಕಡಿತ ಹಾಕಿಯೇ ಒಪ್ಪಿಕೊಳ್ಳುತ್ತದೆ. ನಾವು ಪೂರ್ತಿ ಬಿಡೋಣ.

ಒಟ್ಟು ಕಳೆದದ್ದು 300 ಕೋಟಿ. ಉಳಿದದ್ದು 900 ಕೋಟಿ, ಷೇರಿಗೆ 90 ರೂ. ಈಗ ಪಿ/ಬಿ 0.8. ಅರವತ್ತು ಪೈಸೆಯ ಮಾಲು ಆಗಲೇ ಎಂಬತ್ತಕ್ಕೆ ಬಂತು.

ಈಗ ಲಾಭ. ವರ್ಷಕ್ಕೆ 108 ಕೋಟಿ ಎಂದುಕೊಂಡರೆ 900 ಕೋಟಿಯ ಮೇಲೆ ಆರ್‌ಒಇ ಶೇ 12. ಸಣ್ಣ ಬ್ಯಾಂಕಿನ ಅಪಾಯಕ್ಕೆ ನೀವು ವರ್ಷಕ್ಕೆ ಶೇ 14 ಬಯಸುತ್ತೀರಿ, ಬ್ಯಾಂಕಿನ ಲಾಭ ದೀರ್ಘಾವಧಿಯಲ್ಲಿ ಶೇ 6ರಂತೆ ಬೆಳೆಯುತ್ತದೆ ಎಂದಿಟ್ಟುಕೊಳ್ಳಿ. ನ್ಯಾಯವಾದ ಪಿ/ಬಿ ಎಂದರೆ ಆರ್‌ಒಇಯಿಂದ ಬೆಳವಣಿಗೆ ಕಳೆದು, ಬಯಸಿದ ಗಳಿಕೆಯಿಂದಲೂ ಬೆಳವಣಿಗೆ ಕಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದ್ದು: 6 ಭಾಗಿಸು 8, ಅಂದರೆ 0.75. ಷೇರಿಗೆ 67.50 ರೂ. ಪೇಟೆ ಕೇಳುತ್ತಿರುವುದು 72. ಆ್ಯಪ್‌ನಲ್ಲಿ '0.6 ಪಿ/ಬಿ' ಎಂದು ಹಸಿರು ಬಣ್ಣದಲ್ಲಿ ಮಿನುಗುವ ಷೇರು ಇಲ್ಲಿ ಅಗ್ಗವೇ ಅಲ್ಲ, ನಾಲ್ಕೂವರೆ ರೂಪಾಯಿ ದುಬಾರಿ.

ಅದೇ ಬ್ಯಾಂಕಿನ ಆರ್‌ಒಇ ಶೇ 15ಕ್ಕೆ ಏರಿದರೆ ಇದೇ ಲೆಕ್ಕದಲ್ಲಿ ಬೆಲೆ 101 ರೂ. ದಾಟುತ್ತದೆ. ಶೇ 10ಕ್ಕೆ ಇಳಿದರೆ 45ಕ್ಕೆ ಬೀಳುತ್ತದೆ. ಆರ್‌ಒಇ ಯಾವ ಕಡೆ ಹೊರಟಿದೆ ಎಂಬುದರ ಮುಂದೆ ಇಂದಿನ ಪಿ/ಬಿ ಎಷ್ಟು ಎಂಬುದು ಸಣ್ಣ ವಿಷಯ.

ಹಳೇ ಖಾಸಗಿ ಬ್ಯಾಂಕುಗಳು

ಈ ಗುಂಪಿನಲ್ಲಿ ಕುಂಭಕೋಣಂನ ಸಿಟಿ ಯೂನಿಯನ್ 1904ರದ್ದು, ಕರೂರು ವೈಶ್ಯ 1916, ಸಿಎಸ್‌ಬಿ 1920, ನಾಡಾರ್ ಬ್ಯಾಂಕ್ ಎಂದು ಶುರುವಾದ ತಮಿಳ್ನಾಡ್ ಮರ್ಕೆಂಟೈಲ್ 1921, ಕರ್ನಾಟಕ ಬ್ಯಾಂಕ್ 1924, ಧನಲಕ್ಷ್ಮಿ 1927, ಸೌತ್ ಇಂಡಿಯನ್ 1929. ಕರಾವಳಿಯವರಿಗೆ ಇನ್ನೊಂದು ನೆನಪೂ ಇರುತ್ತದೆ: ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಎಲ್ಲ ಅದೇ ನೆಲದವು. ಅವು ರಾಷ್ಟ್ರೀಕರಣವಾದವು, ಖಾಸಗಿಯಾಗಿ ಉಳಿದದ್ದು ಕರ್ನಾಟಕ ಬ್ಯಾಂಕ್.

ಇವುಗಳ ಶಕ್ತಿ ಠೇವಣಿ. ಮೂರು ತಲೆಮಾರು ಒಂದೇ ಶಾಖೆಯಲ್ಲಿ ಎಫ್‌ಡಿ ಇಡುವ ಮನೆಗಳಿವೆ. ಪಕ್ಕದ ಬ್ಯಾಂಕು ಕಾಲು ಪರ್ಸೆಂಟ್ ಹೆಚ್ಚು ಕೊಟ್ಟರೂ ಅವರು ಕದಲುವುದಿಲ್ಲ. ಇದನ್ನು ಪರೀಕ್ಷಿಸುವುದು ಸುಲಭ. ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ 'ಕಾನ್ಸಂಟ್ರೇಷನ್ ಆಫ್ ಡಿಪಾಸಿಟ್ಸ್' ಎಂಬ ಪುಟ್ಟ ಕೋಷ್ಟಕ ಇರುತ್ತದೆ. ಅತಿ ದೊಡ್ಡ 20 ಠೇವಣಿದಾರರ ಪಾಲು ಒಟ್ಟು ಠೇವಣಿಯ ಶೇ 5ರ ಒಳಗಿದ್ದರೆ ಬುಡ ಗಟ್ಟಿ. ಶೇ 15 ದಾಟಿದರೆ ಅದು ಬಾಡಿಗೆ ದುಡ್ಡು, ಬಡ್ಡಿ ನೋಡಿ ಬಂದದ್ದು ಬಡ್ಡಿ ನೋಡಿಯೇ ಹೋಗುತ್ತದೆ. ಮೂರು ಕೋಟಿ ಮತ್ತು ಮೇಲ್ಪಟ್ಟ ಬಲ್ಕ್ ಠೇವಣಿಯ ಪ್ರಮಾಣವನ್ನೂ ಜೊತೆಗೆ ನೋಡಿ.

ದೌರ್ಬಲ್ಯ ಎರಡು ಕಡೆ. ಮೊದಲನೆಯದು ಸಂಬಳ ಮತ್ತು ಪಿಂಚಣಿ. ಈ ಬ್ಯಾಂಕುಗಳಲ್ಲಿ ಹಲವು ಭಾರತೀಯ ಬ್ಯಾಂಕುಗಳ ಸಂಘದ ವೇತನ ಒಪ್ಪಂದಕ್ಕೆ ಬದ್ಧ. 12ನೇ ಒಪ್ಪಂದ 2024ರ ಮಾರ್ಚ್ 8ರಂದು ಸಹಿಯಾಯಿತು, ಶೇ 17 ಏರಿಕೆ, ಅದೂ 2022ರ ನವೆಂಬರ್ 1ರಿಂದ ಪೂರ್ವಾನ್ವಯ. ಮುಂದಿನದು 2027ರ ನವೆಂಬರ್‌ಗೆ ಬರಬೇಕು. ಒಪ್ಪಂದ ಆಗುವ ಹೊತ್ತಿಗೆ ಸಾಕಷ್ಟು ಪ್ರಾವಿಷನ್ ಇಟ್ಟುಕೊಂಡಿರದ ಬ್ಯಾಂಕಿನ ಲಾಭ ಒಂದೇ ತ್ರೈಮಾಸಿಕದಲ್ಲಿ ಕುಸಿದು ಬೀಳುತ್ತದೆ. ಅದು ಸಾಲ ಕೆಟ್ಟದ್ದರಿಂದ ಆದ ಕುಸಿತವಲ್ಲ, ಹಾಗಾಗಿ ಗಾಬರಿಯಾಗಿ ಮಾರಬೇಕಿಲ್ಲ. ಆದರೆ ವೆಚ್ಚ ಮತ್ತು ಆದಾಯದ ಅನುಪಾತ ವರ್ಷವಿಡೀ ಶೇ 55ರ ಮೇಲೇ ಇದ್ದರೆ ಆರ್‌ಒಇ ಏರುತ್ತದೆ ಎಂಬ ಆಸೆ ಬಿಡಬೇಕು.

ಎರಡನೆಯದು ಯಜಮಾನಿಕೆ. ಕರ್ನಾಟಕ ಬ್ಯಾಂಕ್, ಸಿಟಿ ಯೂನಿಯನ್ ಮುಂತಾದವಕ್ಕೆ ಪ್ರವರ್ತಕರೇ ಇಲ್ಲ, ಷೇರು ಸಾವಿರಾರು ಮನೆಗಳಲ್ಲಿ ಹಂಚಿಹೋಗಿದೆ. ಒಳ್ಳೆಯ ಎಂಡಿ ಇದ್ದಾಗ ಇದರಿಂದ ತೊಂದರೆಯಿಲ್ಲ. ಆಡಳಿತ ಮಂಡಳಿಗೂ ಎಂಡಿಗೂ ಹೊಂದದಿದ್ದರೆ ಬ್ಯಾಂಕು ನಿಂತ ನೀರಾಗುತ್ತದೆ. 2020ರ ಸೆಪ್ಟೆಂಬರಿನಲ್ಲಿ ಒಂದೇ ವಾರದೊಳಗೆ ಲಕ್ಷ್ಮಿ ವಿಲಾಸ್ ಬ್ಯಾಂಕಿನ ಎಂಡಿ ಸೇರಿ ಏಳು ನಿರ್ದೇಶಕರನ್ನು, ಧನಲಕ್ಷ್ಮಿ ಬ್ಯಾಂಕಿನ ಎಂಡಿಯನ್ನು ಷೇರುದಾರರೇ ಮತ ಹಾಕಿ ಹೊರಗಟ್ಟಿದರು. 2025ರ ಜೂನ್ ಕೊನೆಯಲ್ಲಿ ಕರ್ನಾಟಕ ಬ್ಯಾಂಕಿನ ಎಂಡಿ ಮತ್ತು ಕಾರ್ಯನಿರ್ವಾಹಕ ನಿರ್ದೇಶಕ ಇಬ್ಬರೂ ರಾಜೀನಾಮೆ ಕೊಟ್ಟ ಸುದ್ದಿಗೆ ಷೇರು ಕುಸಿಯಿತು. ತಮಿಳ್ನಾಡ್ ಮರ್ಕೆಂಟೈಲ್‌ನಲ್ಲಿ ದೊಡ್ಡ ಪ್ರಮಾಣದ ಷೇರುಗಳ ಒಡೆತನದ ವ್ಯಾಜ್ಯ ದಶಕಗಳ ಕಾಲ ಎಳೆದಾಡಿ, 2022ರಲ್ಲಷ್ಟೇ ಬ್ಯಾಂಕು ಪೇಟೆಗೆ ಬಂತು.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಬುಕ್ ವ್ಯಾಲ್ಯೂಗಿಂತ ಕಡಿಮೆ ದರಕ್ಕೆ ಹೊಸ ಷೇರು ಹೊರಡಿಸುವುದು. ಕರ್ನಾಟಕ ಬ್ಯಾಂಕ್ 2024ರ ಮಾರ್ಚಿನಲ್ಲಿ ಷೇರಿಗೆ 227 ರೂಪಾಯಿಯಂತೆ ಕ್ಯೂಐಪಿ ಮೂಲಕ 600 ಕೋಟಿ ಎತ್ತಿತು. ಆಗಿನ ಬುಕ್ ವ್ಯಾಲ್ಯೂ ಅದಕ್ಕಿಂತ ಮೇಲಿತ್ತು. ಸೌತ್ ಇಂಡಿಯನ್ ಬ್ಯಾಂಕ್ ಅದೇ ತಿಂಗಳು 22 ರೂಪಾಯಿಗೆ ರೈಟ್ಸ್, ಅಂದರೆ ಹಳೇ ಷೇರುದಾರರಿಗೇ ಮೀಸಲಾದ ಹೊಸ ಷೇರು, ಕೊಟ್ಟಿತು. ರೈಟ್ಸ್‌ನಲ್ಲಿ ನಿಮಗೂ ಪಾಲಿದೆ, ದುಡ್ಡು ಸಿದ್ಧವಿಟ್ಟುಕೊಂಡಿದ್ದರೆ ನಷ್ಟವಿಲ್ಲ. ಕ್ಯೂಐಪಿ ಸಂಸ್ಥೆಗಳಿಗೆ ಮಾತ್ರ, ಅಲ್ಲಿ ಹಳೇ ಷೇರುದಾರನ ಪಾಲು ಸುಮ್ಮನೆ ತೆಳುವಾಗುತ್ತದೆ. ಹೀಗಾಗಿ ಸಿಆರ್‌ಎಆರ್ (ಸಾಲಗಳ ಅಪಾಯಕ್ಕೆ ಎದುರಾಗಿ ಇರುವ ಬಂಡವಾಳದ ಅನುಪಾತ) ಶೇ 14ರ ಕೆಳಗಿದ್ದು ಸಾಲ ವರ್ಷಕ್ಕೆ ಶೇ 15ರ ಮೇಲೆ ಬೆಳೆಯುತ್ತಿರುವ ಅಗ್ಗದ ಬ್ಯಾಂಕನ್ನು ಕೊಳ್ಳಬೇಡಿ. ಬಂಡವಾಳ ಎತ್ತಿದ ಮೇಲೆ ಕೊಂಡರೂ ತಡವಾಗುವುದಿಲ್ಲ.

ಎಲ್ಲ ಸರಿಯಾದರೆ ಏನಾಗುತ್ತದೆ ಎನ್ನುವುದಕ್ಕೆ ಕರೂರು ವೈಶ್ಯ ಬ್ಯಾಂಕ್ ಉದಾಹರಣೆ. 2020ರಲ್ಲಿ ಅದು ಬುಕ್ ವ್ಯಾಲ್ಯೂನ ಅರ್ಧಕ್ಕೂ ಕೆಳಗೆ ಸಿಗುತ್ತಿತ್ತು, ನಿವ್ವಳ ಎನ್‌ಪಿಎ ಶೇ 3ರ ಮೇಲಿತ್ತು. ಎಸ್‌ಬಿಐನಿಂದ ಹೊಸ ಎಂಡಿ ಬಂದರು, ದೊಡ್ಡ ಕಾರ್ಪೊರೇಟ್ ಸಾಲ ತಗ್ಗಿತು, ಚಿನ್ನದ ಸಾಲ ಮತ್ತು ಸಣ್ಣ ಉದ್ಯಮದ ಸಾಲ ಹೆಚ್ಚಿತು. ಐದು ವರ್ಷದಲ್ಲಿ ನಿವ್ವಳ ಎನ್‌ಪಿಎ ಶೇ 0.2ಕ್ಕೆ ಇಳಿದು ಆರ್‌ಒಇ ಶೇ 16 ದಾಟಿತು. ಷೇರು ಹಲವು ಪಟ್ಟಾಯಿತು. ಅದೇ ಕರೂರಿನ ಇನ್ನೊಂದು ಬ್ಯಾಂಕು ಲಕ್ಷ್ಮಿ ವಿಲಾಸ್. ಅದೇ 2020ರಲ್ಲಿ ಅದೂ 'ಅಗ್ಗ'ವಾಗಿಯೇ ಇತ್ತು, 15 ರೂಪಾಯಿಯ ಆಸುಪಾಸು. ನವೆಂಬರ್ 17ರಂದು ನಿರ್ಬಂಧ ಬಿತ್ತು, 27ಕ್ಕೆ ಡಿಬಿಎಸ್ ಜೊತೆ ವಿಲೀನ. ಠೇವಣಿದಾರರ ದುಡ್ಡು ಉಳಿಯಿತು, ಷೇರು ಬಂಡವಾಳ ಪೂರ್ತಿ ಅಳಿಸಿಹೋಯಿತು. ಒಂದೇ ಊರು, ಒಂದೇ ವರ್ಷ. ಇವೆರಡನ್ನು ಬೇರ್ಪಡಿಸಿದ ಸುಳಿವು ಪಿ/ಬಿಯಲ್ಲಿರಲಿಲ್ಲ, ಸಿಆರ್‌ಎಆರ್‌ನಲ್ಲಿತ್ತು. ಕರೂರು ವೈಶ್ಯ ಬ್ಯಾಂಕಿನ ಬಂಡವಾಳ ಆರಾಮವಾಗಿತ್ತು. ಲಕ್ಷ್ಮಿ ವಿಲಾಸ್ 2019ರ ಸೆಪ್ಟೆಂಬರಿನಿಂದಲೇ ದುರ್ಬಲ ಬ್ಯಾಂಕುಗಳ ಮೇಲೆ ಆರ್‌ಬಿಐ ಹೇರುವ ಪಿಸಿಎ ಕಟ್ಟುಪಾಡಿನಲ್ಲಿತ್ತು, ಅನುಪಾತ ಕೊನೆಗೆ ಸೊನ್ನೆಗಿಂತ ಕೆಳಗೆ ಹೋಗಿತ್ತು.

ಸ್ಮಾಲ್ ಫೈನಾನ್ಸ್ ಬ್ಯಾಂಕುಗಳು

ಇವು ಸಣ್ಣ ಸಾಲಗಾರರಿಗೆಂದೇ ಬಂದ ಹೊಸ ತಳಿ. 2014ರ ನಿಯಮ, 2015ರಲ್ಲಿ ಹತ್ತು ಸಂಸ್ಥೆಗಳಿಗೆ ತಾತ್ವಿಕ ಒಪ್ಪಿಗೆ. ಕನಿಷ್ಠ ಬಂಡವಾಳ ಅನುಪಾತ ಶೇ 15 ಇರಬೇಕು, ಸಾಲದ ಅರ್ಧದಷ್ಟು 25 ಲಕ್ಷ ರೂಪಾಯಿಯೊಳಗಿನದ್ದಾಗಿರಬೇಕು. ಕೃಷಿ, ಸಣ್ಣ ಉದ್ಯಮದಂಥ ಆದ್ಯತಾ ವಲಯಕ್ಕೆ ಸಾಲ ಕೊಡುವ ಗುರಿ ಶೇ 75 ಇದ್ದದ್ದು 2025-26ರಿಂದ ಶೇ 60ಕ್ಕೆ ಇಳಿದಿದೆ. ಅಷ್ಟರ ಮಟ್ಟಿಗೆ ಕೈ ಬಿಡುವಾಗಿದೆ.

ಹಳೇ ಬ್ಯಾಂಕಿನ ಕನ್ನಡಕ ಹಾಕಿಕೊಂಡು ಇವನ್ನು ನೋಡಬಾರದು. ಹೆಚ್ಚಿನವು ಮೈಕ್ರೋಫೈನಾನ್ಸ್ ಸಂಸ್ಥೆಗಳಾಗಿ ಹುಟ್ಟಿದವು, ಗುಂಪಿನ ಹೊಣೆಯ ಮೇಲೆ ಕೊಡುವ ಆ ಕಿರುಸಾಲಕ್ಕೆ ಅಡಮಾನ ಇಲ್ಲ. ಒಳ್ಳೆ ವರ್ಷದಲ್ಲಿ ಬಡ್ಡಿ ಅಂತರ ದೊಡ್ಡದು, ಆರ್‌ಒಇ ಶೇ 18-20. ಕೆಟ್ಟ ವರ್ಷ ಬಂದರೆ ಎರಡು ವರ್ಷದ ಲಾಭ ಒಮ್ಮೆಗೇ ಹೋಗುತ್ತದೆ. ಕೆಟ್ಟ ವರ್ಷ ಬರುವುದೂ ಹೆಚ್ಚುಕಡಿಮೆ ಗಡಿಯಾರದ ಹಾಗೆ: 2010ರಲ್ಲಿ ಆಂಧ್ರದ ಸುಗ್ರೀವಾಜ್ಞೆ, 2016ರಲ್ಲಿ ನೋಟು ರದ್ದು, 2020ರಲ್ಲಿ ಕೋವಿಡ್, 2024-25ರಲ್ಲಿ ಮಿತಿಮೀರಿದ ಸಾಲದ ಹೊರೆ. 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ಆರ್‌ಬಿಐ ನೋಂದಣಿ ಇರುವ ಸಂಸ್ಥೆಗಳಿಗೆ ಅದು ಅನ್ವಯಿಸುವುದಿಲ್ಲ, ಆದರೂ ರಾಜ್ಯದಲ್ಲಿ ವಸೂಲಿ ತಗ್ಗಿತು. 'ಇನ್ನು ಕಟ್ಟಬೇಕಾಗಿಲ್ಲವಂತೆ' ಎಂಬ ಮಾತು ಊರಲ್ಲಿ ಹಬ್ಬುವುದಕ್ಕೆ ಕಾನೂನಿನ ಸೂಕ್ಷ್ಮ ಗೊತ್ತಿರಬೇಕಿಲ್ಲ.

ಆದ್ದರಿಂದ ಇಲ್ಲಿ ಒಂದು ವರ್ಷದ ಆರ್‌ಒಇಗೆ ಬೆಲೆ ಕಟ್ಟಬಾರದು, ಚಕ್ರದ ಸರಾಸರಿಗೆ ಕಟ್ಟಬೇಕು. ಐದು ವರ್ಷದ ಆರ್‌ಒಇ 18, 19, 17, 3, 8 ಎಂದಿದ್ದರೆ ಸರಾಸರಿ 13. ಅಪಾಯ ಹೆಚ್ಚಾದ್ದರಿಂದ ಶೇ 15 ಗಳಿಕೆ ಬಯಸಿ, ಬೆಳವಣಿಗೆ ಅದೇ ಶೇ 6 ಎಂದರೆ ನ್ಯಾಯವಾದ ಪಿ/ಬಿ 7 ಭಾಗಿಸು 9, ಸುಮಾರು 0.78. ಒಳ್ಳೆ ವರ್ಷದಲ್ಲಿ ಪೇಟೆ ಇದಕ್ಕೆ ಬುಕ್ ವ್ಯಾಲ್ಯೂನ 2 ಪಟ್ಟು ಕೊಡುತ್ತದೆ. ಕೊಳ್ಳುವ ಕಾಲ ಅದಲ್ಲ. ಹೊಸದಾಗಿ ಕೆಡುವ ಸಾಲ, ಅಂದರೆ ಸ್ಲಿಪೇಜ್, ಸತತ ಎರಡು ತ್ರೈಮಾಸಿಕ ಇಳಿದು, ಲಾಭ ಇನ್ನೂ ಕೆಟ್ಟದಾಗಿಯೇ ಕಾಣುತ್ತಿರುವ ಹೊತ್ತು ಸರಿಯಾದದ್ದು. ಆಗ ಪಿ/ಇ (ಷೇರಿನ ದರ ಭಾಗಿಸು ಷೇರಿನ ಲಾಭ) ನೋಡಿದರೆ ಷೇರು ಭಯಂಕರ ದುಬಾರಿ ಅನ್ನಿಸುತ್ತದೆ, ಅನ್ನಿಸಲಿ.

ಐಪಿಒದಲ್ಲಿ ಕೊಂಡವರ ಅನುಭವವೂ ಇದನ್ನೇ ಹೇಳುತ್ತದೆ. 305 ರೂಪಾಯಿಯ ಸೂರ್ಯೋದಯ್, 60ರ ಈಸಾಫ್, 468ರ ಜಲಂಧರದ ಕ್ಯಾಪಿಟಲ್ ಎಲ್ಲವೂ ಇಶ್ಯೂ ದರಕ್ಕಿಂತ ಕೆಳಗಿಳಿದವು. ನೆಟ್‌ವರ್ತ್ 500 ಕೋಟಿ ಮುಟ್ಟಿದ ಮೂರು ವರ್ಷದೊಳಗೆ ಪೇಟೆಗೆ ಬರಲೇಬೇಕೆಂಬ ನಿಯಮವಿದೆ. ತರುವುದೂ ಸಾಮಾನ್ಯವಾಗಿ ಒಳ್ಳೆ ಅಂಕಿಗಳಿರುವ ಹೊತ್ತಿನಲ್ಲೇ.

ಎಲ್ಲವನ್ನೂ ಒಂದೇ ಗಾಡಿಗೆ ಕಟ್ಟಬೇಡಿ. ಕ್ಯಾಪಿಟಲ್ ಸ್ಮಾಲ್ ಫೈನಾನ್ಸ್ ಮೊದಲು ಕೆಲವೇ ಜಿಲ್ಲೆಗಳಿಗೆ ಸೀಮಿತವಾದ ಲೋಕಲ್ ಏರಿಯಾ ಬ್ಯಾಂಕ್ ಆಗಿತ್ತು. ಅದರ ಸಾಲ ಬಹುಪಾಲು ಅಡಮಾನದ್ದು, ಪಂಜಾಬಿನ ರೈತರು ಮತ್ತು ವ್ಯಾಪಾರಿಗಳಿಗೆ ಕೊಟ್ಟದ್ದು. ಸ್ವಭಾವದಲ್ಲಿ ಅದು ಹಳೇ ಖಾಸಗಿ ಬ್ಯಾಂಕಿಗೇ ಹತ್ತಿರ. ಜೈಪುರದ ಎಯು ವಾಹನ ಸಾಲದಿಂದ ಬೆಳೆದದ್ದು. 2025ರ ಆಗಸ್ಟಿನಲ್ಲಿ ಪೂರ್ಣ ಬ್ಯಾಂಕಾಗಲು ತಾತ್ವಿಕ ಒಪ್ಪಿಗೆ ಪಡೆಯಿತು, ಈಗ ಸಣ್ಣದೂ ಅಲ್ಲ ಅಗ್ಗವೂ ಅಲ್ಲ. ಬೆಂಗಳೂರಿನ ಉಜ್ಜೀವನ್ ಮತ್ತು ಜನಾ ಎರಡೂ ಅಡಮಾನವಿಲ್ಲದ ಸಾಲದ ಪಾಲನ್ನು ಇಳಿಸುತ್ತ ಬಂದಿವೆ. ಪ್ರತಿ ತ್ರೈಮಾಸಿಕ ನೋಡಬೇಕಾದ ಅಂಕಿ ಅದೇ.

ಪೂರ್ಣ ಬ್ಯಾಂಕಾಗುವುದೇ ಈ ಗುಂಪಿನ ದೊಡ್ಡ ಆಕರ್ಷಣೆ. ಅದಕ್ಕೆ ನೆಟ್‌ವರ್ತ್ 1,000 ಕೋಟಿ, ಐದು ವರ್ಷದ ಸೇವೆ, ಎರಡು ವರ್ಷ ಸತತ ಲಾಭ, ಆ ಎರಡು ವರ್ಷವೂ ಒಟ್ಟು ಎನ್‌ಪಿಎ ಶೇ 3ರೊಳಗೆ, ನಿವ್ವಳ ಶೇ 1ರೊಳಗೆ ಇರಬೇಕು. ಅರ್ಜಿ ಹಾಕಿದ ಸುದ್ದಿಗೆ ಷೇರು ಏರುತ್ತದೆ. ಅರ್ಜಿಗಿಂತ ಈ ಅಂಕಿಗಳನ್ನು ನಂಬಿ.

ಸಹಕಾರಿ ಬ್ಯಾಂಕಿನ ಷೇರು ಹೂಡಿಕೆಯಲ್ಲ

ಇದನ್ನು ಬೇಗ ಮುಗಿಸಬಹುದು. ಪಟ್ಟಣ ಸಹಕಾರಿ ಬ್ಯಾಂಕಿನ ಸದಸ್ಯ ಷೇರು ಪೇಟೆಯಲ್ಲಿ ಮಾರಾಟವಾಗುವುದಿಲ್ಲ. ಬಿಟ್ಟು ಹೊರಟರೆ ಮುಖಬೆಲೆ ವಾಪಸು, ಅದೂ ಬ್ಯಾಂಕಿನ ಬಂಡವಾಳ ಅನುಪಾತ ನಿಯಮದ ಮಟ್ಟದಲ್ಲಿದ್ದರೆ ಮಾತ್ರ. ಮೀಸಲು ನಿಧಿ ಎಷ್ಟೇ ಬೆಳೆದರೂ ಅದರಲ್ಲಿ ನಿಮಗೆ ಪಾಲಿಲ್ಲ, ಹಾಗಾಗಿ ಬುಕ್ ವ್ಯಾಲ್ಯೂ ಎಂಬ ಮಾತಿಗೇ ಅರ್ಥವಿಲ್ಲ. ನೂರು ಷೇರಿದ್ದರೂ ಒಂದೇ ಮತ. ಐದು ಲಕ್ಷದ ಠೇವಣಿ ವಿಮೆ ಷೇರಿಗೆ ಅನ್ವಯಿಸುವುದಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ಆರ್‌ಬಿಐ ನಿರ್ಬಂಧ ಹೇರಿ ಹಿಂಪಡೆತವನ್ನು 35,000 ರೂಪಾಯಿಗೆ ಸೀಮಿತಗೊಳಿಸಿದಾಗ ಠೇವಣಿದಾರರೇ ಬೀದಿಗೆ ಬಂದಿದ್ದರು. ಸಾಲ ಬೇಕಿದ್ದರೆ ಹಲವು ಬ್ಯಾಂಕುಗಳಲ್ಲಿ ಅಡಮಾನ ಸಾಲಕ್ಕೆ ಶೇ 2.5, ಅಡಮಾನವಿಲ್ಲದ್ದಕ್ಕೆ ಶೇ 5ರಷ್ಟು ಷೇರು ತೆಗೆದುಕೊಳ್ಳಬೇಕಾಗುತ್ತದೆ. ಅದನ್ನು ಸಾಲದ ಖರ್ಚು ಎಂದು ಬರೆದುಕೊಳ್ಳಿ.

ಅಮೆರಿಕದಲ್ಲಿರುವವರಿಗೆ ಒಂದು ಬೇರೆ ದಾರಿ

ಅಲ್ಲಿ ನೆಲೆಸಿದ ಕನ್ನಡಿಗರಿಗೆ ಮ್ಯೂಚುಯಲ್ ಉಳಿತಾಯ ಬ್ಯಾಂಕುಗಳ ಷೇರೀಕರಣ ನೋಡುವಂಥದ್ದು. ಈ ಬ್ಯಾಂಕುಗಳಿಗೆ ಮಾಲೀಕರೇ ಇಲ್ಲ, ಠೇವಣಿದಾರರ ಹೆಸರಿನಲ್ಲಿ ನೂರು ವರ್ಷದ ಬಂಡವಾಳ ಕೂಡಿಬಿದ್ದಿರುತ್ತದೆ. ಷೇರಿಗೆ ಹೊರಟಾಗ ಸಾಮಾನ್ಯವಾಗಿ ದರ 10 ಡಾಲರ್. ಮಾರುವ ಹಳೇ ಮಾಲೀಕ ಇಲ್ಲದ್ದರಿಂದ, ಖರ್ಚು ಕಳೆದು ನೀವು ಕೊಟ್ಟ ದುಡ್ಡು ಬ್ಯಾಂಕಿನೊಳಗೇ ಉಳಿಯುತ್ತದೆ, ಹಳೇ ಬಂಡವಾಳವೂ ಜೊತೆಗೆ ಬರುತ್ತದೆ. ಹಾಗಾಗಿ ಮೊದಲ ದಿನವೇ ಷೇರು ಬುಕ್ ವ್ಯಾಲ್ಯೂಗಿಂತ ಕೆಳಗೆ. ನಿಗದಿತ ದಿನಾಂಕಕ್ಕೆ ಮುಂಚೆ ಕನಿಷ್ಠ 50 ಡಾಲರ್ ಠೇವಣಿ ಇದ್ದವರಿಗೆ ಮೊದಲ ಹಕ್ಕು. ಆ ಹಕ್ಕನ್ನು ಬೇರೆಯವರಿಗೆ ಕೊಡುವುದು ಅಪರಾಧ. 'ನಿಮ್ಮ ಹೆಸರಲ್ಲಿ ನಾವು ದುಡ್ಡು ಹಾಕ್ತೇವೆ' ಎನ್ನುವವರು ಬಂದರೆ ಹತ್ತಿರ ಸೇರಿಸಬೇಡಿ. ಸಾಮಾನ್ಯವಾಗಿ ಮೊದಲ ವರ್ಷ ಬ್ಯಾಂಕು ತನ್ನ ಷೇರು ಮರುಖರೀದಿಸುವಂತಿಲ್ಲ, ಮೂರು ವರ್ಷ ಇಡೀ ಬ್ಯಾಂಕಿನ ಮಾರಾಟಕ್ಕೂ ತಡೆ. ಆ ಮೇಲೆ ಬಾಗಿಲಿಗೆ ಖರೀದಿದಾರ ಬರಬಹುದು.

ಅಪಾಯ ಎರಡು. ಬಂಡವಾಳದ ಶೇ 300ಕ್ಕಿಂತ ಹೆಚ್ಚು ವಾಣಿಜ್ಯ ಕಟ್ಟಡಗಳ ಸಾಲ ಇದ್ದರೆ ನಿಯಂತ್ರಕರ ಕಣ್ಣು ಬೀಳುತ್ತದೆ. ಬಡ್ಡಿ ಏರಿದಾಗ ಹಳೇ ಬಾಂಡುಗಳ ನಷ್ಟ ಪುಸ್ತಕದಲ್ಲಿ ಕಾಣದೆ ಅಡಗಿರಬಹುದು. 2023ರ ಮಾರ್ಚಿನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಬಿದ್ದದ್ದಕ್ಕೆ ಇದು ದೊಡ್ಡ ಕಾರಣ. ಎರಡನ್ನೂ ಪ್ರತಿ ಬ್ಯಾಂಕು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಕಾಲ್ ರಿಪೋರ್ಟ್‌ನಲ್ಲಿ ಉಚಿತವಾಗಿ ನೋಡಬಹುದು.

ಭಾರತದಲ್ಲೇ ಕೂತು ಇವನ್ನು ಕೊಳ್ಳುವ ಗೋಜು ಬೇಡ. ವಿದೇಶಕ್ಕೆ ದುಡ್ಡು ಕಳಿಸುವ ಎಲ್‌ಆರ್‌ಎಸ್ ಯೋಜನೆಯ ಮಿತಿ ವರ್ಷಕ್ಕೆ 2.5 ಲಕ್ಷ ಡಾಲರ್ ಇದ್ದರೂ, ಇಲ್ಲಿನ ಆ್ಯಪ್‌ಗಳಲ್ಲಿ ಇಂಥ ಪುಟ್ಟ ಬ್ಯಾಂಕುಗಳು ಹೆಚ್ಚಾಗಿ ಸಿಗುವುದಿಲ್ಲ. ಡಿವಿಡೆಂಡ್‌ಗೆ ಅಲ್ಲಿ ಶೇ 25 ತೆರಿಗೆ ಹಿಡಿಯುತ್ತಾರೆ. ಅಮೆರಿಕದ ಷೇರುಗಳ ಮೌಲ್ಯ 60,000 ಡಾಲರ್ ದಾಟಿ ಹೂಡಿಕೆದಾರ ತೀರಿಕೊಂಡರೆ ವಾರಸುದಾರರಿಗೆ ಅಲ್ಲಿನ ಎಸ್ಟೇಟ್ ತೆರಿಗೆಯೂ ಕಾದಿರುತ್ತದೆ.

ಯಾರಿಗೆ ಯಾವುದು, ಎಷ್ಟು

ಡಿವಿಡೆಂಡ್ ಬರುತ್ತಿರಲಿ, ಮೂರರಿಂದ ಐದು ವರ್ಷ ಕಾಯುತ್ತೇನೆ ಎನ್ನುವವರಿಗೆ ಹಳೇ ಖಾಸಗಿ ಬ್ಯಾಂಕು. ಅದರಲ್ಲೂ ತೊಳೆದ ಬುಕ್ ವ್ಯಾಲ್ಯೂ ಮೇಲೆ ಆರ್‌ಒಇ ಶೇ 12ರ ಮೇಲೆ, ನಿವ್ವಳ ಎನ್‌ಪಿಎ ಶೇ 1.5ರೊಳಗೆ, ಸಿಆರ್‌ಎಆರ್ ಶೇ 15ರ ಮೇಲೆ ಇರುವುದು. ಮೂರರಲ್ಲಿ ಒಂದು ತಪ್ಪಿದರೂ ಮುಂದಕ್ಕೆ ಹೋಗಿ. ತ್ರೈಮಾಸಿಕ ಅಂಕಿಗಳನ್ನು ಕೂತು ಓದುವ ತಾಳ್ಮೆ ಇರುವವರಿಗೆ, ಅದೂ ಚಕ್ರದ ತಳದಲ್ಲಿ ಮಾತ್ರ, ಸ್ಮಾಲ್ ಫೈನಾನ್ಸ್. ಒಂದು ಬ್ಯಾಂಕಿಗೆ ಒಟ್ಟು ಹೂಡಿಕೆಯ ಶೇ 3, ಇಡೀ ಗುಂಪಿಗೆ ಶೇ 10 ಸಾಕು. ಸೊನ್ನೆಯಾಗುವ ಸಾಧ್ಯತೆ ನಿಜವಾಗಿಯೂ ಇರುವ ಷೇರಿಗೆ ಇದಕ್ಕಿಂತ ಹೆಚ್ಚು ಬೇಡ. ಮೂರು ಕಂತಿನಲ್ಲಿ, ಮೂರು ಫಲಿತಾಂಶಗಳ ನಂತರ ಕೊಳ್ಳಿ. ನೀವೇ ದರ ನಿಗದಿ ಮಾಡುವ ಲಿಮಿಟ್ ಆರ್ಡರ್ ಹಾಕಿ, ಸಿಕ್ಕ ದರಕ್ಕೆ ಕೊಳ್ಳುವ ಮಾರ್ಕೆಟ್ ಆರ್ಡರ್ ಬೇಡ. ವರ್ಷ ತುಂಬುವ ಮೊದಲು ಮಾರಿದರೆ ಲಾಭಕ್ಕೆ ಶೇ 20 ತೆರಿಗೆ, ತುಂಬಿದ ಮೇಲೆ ವರ್ಷಕ್ಕೆ 1.25 ಲಕ್ಷ ದಾಟಿದ ಲಾಭಕ್ಕೆ ಶೇ 12.5.

ಬಡ್ಡಿ ಇಳಿಯುವ ಕಾಲದಲ್ಲಿ ಒಂದು ತ್ರೈಮಾಸಿಕದ ಲಾಭ ನೋಡಿ ಮೋಸ ಹೋಗಬೇಡಿ, ಹೆದರಲೂಬೇಡಿ. 2025ರಲ್ಲಿ ರೆಪೊ ದರ (ಬ್ಯಾಂಕುಗಳಿಗೆ ಆರ್‌ಬಿಐ ಸಾಲ ಕೊಡುವ ಬಡ್ಡಿ) ಶೇ 6.5ರಿಂದ 5.25ಕ್ಕೆ ಇಳಿದಾಗ ರೆಪೊಗೆ ಕಟ್ಟಿದ ಸಾಲಗಳ ಬಡ್ಡಿ ಬೇಗನೆ ಇಳಿಯಿತು. ಎಫ್‌ಡಿ ಬಡ್ಡಿ ಇಳಿಯುವುದು ಹಳೇ ಎಫ್‌ಡಿ ಅವಧಿ ಮುಗಿದ ಮೇಲೆ, ಅದಕ್ಕೆ ವರ್ಷ ಬೇಕು. ನಡುವಿನ ಈ ಇಕ್ಕಟ್ಟಿನಲ್ಲಿ ಸಾಲದ ಗುಣಮಟ್ಟ ಕೆಟ್ಟಿಲ್ಲದ ಬ್ಯಾಂಕಿನ ಷೇರೂ ಬೀಳುತ್ತದೆ. ಕೊಳ್ಳಲು ಅದು ಒಳ್ಳೆಯ ಹೊತ್ತು.

ಕೊಂಡ ಮೇಲಿನ ಕೆಲಸ ವರ್ಷಕ್ಕೆ ನಾಲ್ಕು ದಿನ. ತ್ರೈಮಾಸಿಕ ಮುಗಿದ ಮೊದಲ ವಾರದಲ್ಲಿ ಹೆಚ್ಚಿನ ಬ್ಯಾಂಕುಗಳು ಠೇವಣಿ ಮತ್ತು ಸಾಲದ ತಾತ್ಕಾಲಿಕ ಅಂಕಿ ಕೊಡುತ್ತವೆ. ಸಾಲ ಬೆಳೆದು ಠೇವಣಿ ನಿಂತಿದ್ದರೆ ಗುರುತು ಹಾಕಿಕೊಳ್ಳಿ. ಫಲಿತಾಂಶದ ದಿನ ಲಾಭದ ಸಾಲು ಬಿಟ್ಟು ಸ್ಲಿಪೇಜ್, 61ರಿಂದ 90 ದಿನ ಬಾಕಿಯಿರುವ ಎಸ್‌ಎಂಎ-2 ಸಾಲ, ಠೇವಣಿ ವೆಚ್ಚ, ರೈಟ್‌-ಆಫ್ (ಪುಸ್ತಕದಿಂದ ತೆಗೆದುಹಾಕಿದ ಸಾಲ) ಸೇರಿಸದ ಪ್ರಾವಿಷನ್ ಕವರೇಜ್, ಅಂದರೆ ಕೆಟ್ಟ ಸಾಲದಲ್ಲಿ ಎಷ್ಟು ಪಾಲಿಗೆ ಪ್ರಾವಿಷನ್ ಇದೆ ಎಂಬುದು, ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದಿಡಿ. ಮೂರು ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕರು ಬದಲಾಗುವುದು ಆರ್‌ಬಿಐ ನಿಯಮ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಡುವೆ ಬಿಟ್ಟು ಹೋದರೆ ಮಾತ್ರ ಎಚ್ಚರ. ಹಿಂದಿನ ಪ್ರೆಸೆಂಟೇಷನ್‌ನಲ್ಲಿದ್ದ ಎಸ್‌ಎಂಎ-2 ಸಾಲು ಈ ಸಲ ಕಾಣೆಯಾಗಿದ್ದರೆ ಹೂಡಿಕೆದಾರರ ವಿಭಾಗಕ್ಕೆ ಇಮೇಲ್ ಹಾಕಿ ಕೇಳಿ. ಹತ್ತು ದಿನದಲ್ಲಿ ಅಂಕಿ ಬಾರದಿದ್ದರೆ ಅರ್ಧ ಷೇರು ಮಾರಿಬಿಡಿ. ಇನ್ನರ್ಧ ಮುಂದಿನ ಫಲಿತಾಂಶದವರೆಗೆ ಇರಲಿ.